ಮೂಗಿನ ಚಕ್ರ ತೆಗೆದು ಬಾಲಕ್ಕೆ ಚಕ್ರ: ಆರ್‌ವಿ-6ಎ ವಿಮಾನವನ್ನು ಬದಲಿಸುವುದು ಹೇಗೆ?

ಅಮೆರಿಕದಲ್ಲಿ ಹವ್ಯಾಸಿಗಳು ಗ್ಯಾರೇಜಿನಲ್ಲೇ ಕಟ್ಟಿಕೊಳ್ಳುವ ಪುಟ್ಟ ವಿಮಾನಗಳಲ್ಲಿ ಒರೆಗಾನ್‌ನ ವ್ಯಾನ್ಸ್ ಏರ್‌ಕ್ರಾಫ್ಟ್ ಕಿಟ್‌ಗಳು ಬಹಳ ಜನಪ್ರಿಯ. ಅದರ ಎರಡು ಸೀಟಿನ ಆರ್‌ವಿ-6ಎಗೆ ಮೂಗಿನಡಿ ಚಕ್ರ. ಜೋಡಿ ಮಾದರಿ ಆರ್‌ವಿ-6ಕ್ಕೆ ಬಾಲದಡಿ. ಮೊದಲನೆಯದನ್ನು ಎರಡನೆಯದಾಗಿ ಬದಲಿಸಲು ಹೊರಟವರು ಮೂಗು, ಬಾಲಗಳನ್ನೇ ನೋಡುತ್ತಾರೆ. ನಿಜವಾದ ಕೆಲಸವೆಲ್ಲ ಇರುವುದು ನಡುವಿನ ಎರಡು ದೊಡ್ಡ ಚಕ್ರಗಳಲ್ಲಿ.

6ಎಯಲ್ಲಿ ಈ ಚಕ್ರಗಳು ಗುರುತ್ವ ಕೇಂದ್ರಕ್ಕಿಂತ, ಅಂದರೆ ವಿಮಾನದ ಭಾರ ಸಮತೂಗುವ ಬಿಂದುವಿಗಿಂತ, ಹಿಂದಿವೆ, ಅವುಗಳ ಕಾಲುಗಳು ವಿಮಾನದ ಒಡಲಿಗೆ ಬೋಲ್ಟ್ ಆಗಿವೆ. ಬಾಲಚಕ್ರದ ವಿಮಾನ ಬಾಲ ಊರಿ ನಿಲ್ಲಬೇಕಾದರೆ ಅವು ಕೇಂದ್ರಕ್ಕಿಂತ ಮುಂದೆ ಬರಲೇಬೇಕು. ಆರ್‌ವಿ-6ರಲ್ಲಿ ಆ ಕಾಲುಗಳು ಕೂರುವುದು ಎಂಜಿನ್ ಮೌಂಟ್‌ನಲ್ಲಿ, ಅಂದರೆ ಎಂಜಿನ್ನನ್ನು ಒಡಲಿಗೆ ಹಿಡಿದಿಡುವ ಚೌಕಟ್ಟಿನಲ್ಲಿ. ಹಾಗಾಗಿ ಮೌಂಟನ್ನೇ ಬದಲಿಸಬೇಕು, ಅದಕ್ಕೆ ಎಂಜಿನ್ ಇಳಿಸಬೇಕು.

ಎಂಜಿನ್ ಇಳಿಸುವ ಮುಂಚೆ ಬಾಲಕ್ಕೆ ಗಟ್ಟಿ ಸ್ಟ್ಯಾಂಡ್ ಕೊಡಿ. ಮುಂದಿನ ಭಾರ ಹೋದ ಗಳಿಗೆಯಲ್ಲೇ ಬಾಲ ನೆಲಕ್ಕೆ ಬೀಳುತ್ತದೆ. ಒಡಲನ್ನೂ ಆಧರಿಸಿಕೊಂಡು ಹಳೆಯ ಮೌಂಟ್, ಕಾಲುಗಳನ್ನು ಬಿಚ್ಚಿ. ಹೊಸ ಮೌಂಟ್ ಕೂರಿಸಿದ ಮೇಲೆ ಕಾಲುಗಳ ಜೋಡಣೆಗೆ ಅವಸರ ಬೇಡ. ಎಡ ಬಲ ಚಕ್ರಗಳು ಒಂದಕ್ಕೊಂದು ಸಮಾಂತರವಾಗಿ, ನೇರ ಮುಂದೆ ನೋಡುತ್ತಿರಬೇಕು. ದಾರ ಕಟ್ಟಿ, ತೂಗುಗುಂಡು ಬಿಟ್ಟು ಅಳೆಯಿರಿ. ಮರುದಿನ ಇನ್ನೊಮ್ಮೆ ಅಳೆಯಿರಿ. ಇಲ್ಲಿ ಉಳಿದ ಓರೆ ಪ್ರತಿ ಲ್ಯಾಂಡಿಂಗ್‌ನಲ್ಲೂ ಕಾಡುತ್ತದೆ.

ಬ್ರೇಕ್ ಪೈಪುಗಳಿಗೆ ಹೊಸ ದಾರಿ ಮಾಡಿ. ಒಡಲಿನ ಬಾಲದ ತುದಿಯಲ್ಲಿ ಉಕ್ಕಿನ ಸ್ಪ್ರಿಂಗ್ ಕಡ್ಡಿ, ಅದರ ಕೊನೆಗೆ ಚಕ್ರ, ರಡ್ಡರ್‌ನಿಂದ (ವಿಮಾನವನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ) ಅದಕ್ಕೆ ತಿರುಗಿಸುವ ಕೊಂಡಿ. ಇದು ಹೋಲಿಕೆಯಲ್ಲಿ ಸಣ್ಣ ಕೆಲಸ.

ಆಮೇಲೆ ತೂಕ. ಬಾಲ ಎತ್ತಿ, ವಿಮಾನವನ್ನು ಹಾರಾಟದ ಮಟ್ಟಕ್ಕೆ ತಂದು, ಮೂರು ಚಕ್ರಗಳಡಿ ಮೂರು ತಕ್ಕಡಿ ಇಡಿ. ಪ್ರತಿ ಚಕ್ರದ ತೂಕವನ್ನು, ಅಳತೆಗೆಂದು ಗೊತ್ತುಮಾಡಿದ ಗೆರೆಯಿಂದ ಆ ಚಕ್ರಕ್ಕಿರುವ ದೂರದಿಂದ ಗುಣಿಸಿ, ಕೂಡಿಸಿ, ಒಟ್ಟು ತೂಕದಿಂದ ಭಾಗಿಸಿದರೆ ಹೊಸ ಗುರುತ್ವ ಕೇಂದ್ರ. ಹಳೆಯ ಲೆಕ್ಕವನ್ನು ತಿದ್ದಿ ಬಳಸುವುದು ನನಗೆ ಒಪ್ಪಿಗೆಯಿಲ್ಲ. ಬಾಲದ ತುದಿಯಲ್ಲಿ ಸೇರಿದ ಒಂದೊಂದು ಕಿಲೋವೂ ಏತದ ಕೊನೆಗೆ ಕಟ್ಟಿದ ಕಲ್ಲಿನಂತೆ ಎಳೆಯುತ್ತದೆ.

ಇದು ದೊಡ್ಡ ಬದಲಾವಣೆ. ವಿಮಾನಕ್ಕೆ ಕೊಟ್ಟಿರುವ, ಹಾರಾಟದ ಷರತ್ತುಗಳಿರುವ ಆಪರೇಟಿಂಗ್ ಲಿಮಿಟೇಷನ್ಸ್ ಪತ್ರವನ್ನು ಮೊದಲೇ ಓದಿ. ಸಾಮಾನ್ಯವಾಗಿ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಗೆ ತಿಳಿಸಿ, ಲಾಗ್‌ಬುಕ್‌ನಲ್ಲಿ ಬರೆದು, ಕನಿಷ್ಠ 5 ಗಂಟೆ ಮತ್ತೆ ಪರೀಕ್ಷಾ ಹಾರಾಟ ನಡೆಸಬೇಕಾಗುತ್ತದೆ. ಪೈಲಟ್‌ಗೂ ಬಾಲಚಕ್ರದ ವಿಮಾನದ ತರಬೇತಿ, ಬೋಧಕರ ಲಿಖಿತ ಒಪ್ಪಿಗೆ ಬೇಕು. 1991ರ ಏಪ್ರಿಲ್ 15ಕ್ಕೆ ಮೊದಲೇ ಇಂಥ ವಿಮಾನ ನಡೆಸಿದವರಿಗಷ್ಟೇ ವಿನಾಯಿತಿ.

ಈ ತರಬೇತಿಯನ್ನು ಹಗುರವಾಗಿ ಕಾಣಬೇಡಿ. ಗಾಡಿಯನ್ನು ಮೂಕಿ ಹಿಡಿದು ಎಳೆದರೆ ನೇರ ಬರುತ್ತದೆ, ಹಿಂದಕ್ಕೆ ತಳ್ಳಿದರೆ ಓರೆಯಾಗಿ ತಿರುಗುತ್ತದೆ. ಭಾರ ಚಕ್ರಗಳ ಹಿಂದಿರುವ ವಿಮಾನವೂ ಹಾಗೆಯೇ. ತುಸು ಓರೆಯಾದರೆ ಬಾಲ ಮುಂದೆ ಬರಲು ನೋಡುತ್ತದೆ. ಅದೇ ಗ್ರೌಂಡ್ ಲೂಪ್. ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ, 1951ರಲ್ಲಿ ಮೊದಲು ಹಾರಿದ ತರಬೇತಿ ವಿಮಾನ ಎಚ್‌ಟಿ-2 ಬಾಲಚಕ್ರದ್ದು. ವಾಯುಪಡೆಯ ಎಷ್ಟೋ ಪೈಲಟ್‌ಗಳು ರಡ್ಡರ್ ಪೆಡಲ್ ಮೇಲೆ ಕಾಲು ಸದಾ ಎಚ್ಚರವಿರಬೇಕೆಂದು ಕಲಿತದ್ದು ಅದರಲ್ಲೇ.

ಮೊದಲ ದಿನ ಗಾಳಿಯಿಲ್ಲದ ಬೆಳಿಗ್ಗೆ ರನ್‌ವೇ ಮೇಲೆ ನಿಧಾನವಾಗಿ ಓಡಿಸಿ, ಸ್ಟಿಕ್ (ಪೈಲಟ್ ಕೈಯ ನಿಯಂತ್ರಣ ಕೋಲು) ಪೂರ್ತಿ ಹಿಂದಕ್ಕೆ ಹಿಡಿದಿರಿ. ಹ್ಯಾಂಗರ್‌ಗೆ ಮರಳಿ ಮೌಂಟ್‌ನ ಪ್ರತಿ ಬೋಲ್ಟಿನ ಬಿಗಿ ನೋಡಿದ ಮೇಲೆಯೇ ಹಾರಿ.