ಹೆಸರಿಲ್ಲದ ಆಟಗಾರನ ರೂಕಿ ಕಾರ್ಡಿಗೆ ಬೆಲೆ ಕಟ್ಟೋದು ಹೇಗೆ?

ಬೇಸ್‌ಬಾಲ್ ಆಟಗಾರ ಹೊಸಬನಾಗಿದ್ದಾಗ ಬಂದ ಅವನ ಮೊದಲ ಕಾರ್ಡೇ ರೂಕಿ ಕಾರ್ಡ್. ಬಾಬ್ ಬಾನರ್ ಗೊತ್ತಾ? ಜೆಫ್ ಶ್ನೈಡರ್? ಗೊತ್ತಿರಲಿಕ್ಕಿಲ್ಲ. ಆದರೆ ಕಾರ್ಡು ಅಚ್ಚು ಹಾಕುವ ಟಾಪ್ಸ್ ಕಂಪನಿಯ 1982ರ ಸೆಟ್ಟಿನ (ಆ ವರ್ಷದ ಕಾರ್ಡುಗಳ ಪೂರ್ತಿ ಗುಂಪಿನ) 21ನೇ ಕಾರ್ಡ್ ಬೇಸ್‌ಬಾಲ್ ಕಾರ್ಡ್ ಕೂಡಿಡುವವರಿಗೆಲ್ಲ ಗೊತ್ತು. ಓರಿಯೋಲ್ಸ್ ತಂಡದ ಮೂವರು ಹೊಸ ಹುಡುಗರು ಅದರಲ್ಲಿದ್ದಾರೆ. ಇವರಿಬ್ಬರ ಜೊತೆಗಿರುವ ಮೂರನೆಯವನು ಮುಂದೆ ದೊಡ್ಡ ತಾರೆಯಾದ ಕ್ಯಾಲ್ ರಿಪ್ಕೆನ್, ಕಾರ್ಡಿಗೆ ಬೆಲೆ ಬಂದಿದ್ದು ಅವನಿಂದ. ಹಾಗಾಗಿ ನಾನು ಮೊದಲು ನೋಡೋದು ಕಾರ್ಡಿನಲ್ಲಿ ಜೊತೆಗೆ ಯಾರಿದ್ದಾರೆ ಅಂತ. 1967ರ ಕಾರ್ಡಿನಲ್ಲಿ ಇನ್ನೊಬ್ಬ ತಾರೆ ಟಾಮ್ ಸೀವರ್ ಪಕ್ಕ ನಿಂತ ಬಿಲ್ ಡೆನೆಹಿಯದೂ ಇದೇ ಅದೃಷ್ಟ.

ಒಬ್ಬನೇ ಇರುವ ಕಾರ್ಡಾದರೆ ಇಸವಿ ಮತ್ತು ಸಂಖ್ಯೆ ನೋಡಿ. 1973ರವರೆಗೆ ಟಾಪ್ಸ್ ಒಂದೇ ವರ್ಷದ ಕಾರ್ಡುಗಳನ್ನು ಕಂತುಕಂತಾಗಿ ಬಿಡುತ್ತಿತ್ತು. ಕೊನೆಯ ಕಂತು ಬರುವಷ್ಟರಲ್ಲಿ ಸೀಸನ್ ಮುಗಿಯುತ್ತಾ ಬಂದಿರುತ್ತಿತ್ತು, ಕೊಳ್ಳುವವರು ಕಡಿಮೆ. ಅದಕ್ಕೇ 1952ರ 311ರಿಂದ 407ರವರೆಗಿನ ಕಾರ್ಡುಗಳಲ್ಲಿ ಯಾರೂ ಕೇಳದ ಆಟಗಾರನಿಗೂ ಒಳ್ಳೆ ಬೆಲೆ ಇದೆ. ಸೆಟ್ ಪೂರ್ತಿ ಮಾಡುವವನಿಗೆ ಅವನೂ ಬೇಕೇ ಬೇಕಲ್ವಾ! 1980ರ ದಶಕದ ಕೊನೆಯವು, 90ರ ಶುರುವಿನವು ಮಾತ್ರ ರಾಶಿ ರಾಶಿ ಅಚ್ಚಾದವು. ಇಷ್ಟವಾದರೆ ಇಟ್ಟುಕೊಳ್ಳಿ, ದುಡ್ಡಿನ ಆಸೆ ಬೇಡ.

2006ರಿಂದ ಈಚೆಗಿನ ರೂಕಿ ಕಾರ್ಡುಗಳ ಮೇಲೆ 'ಆರ್‌ಸಿ' (ರೂಕಿ ಕಾರ್ಡ್) ಗುರುತು ಇರುತ್ತದೆ. ಟಾಪ್ಸ್‌ನದೇ ಬೋಮನ್ ಬ್ರ್ಯಾಂಡಿನ 'ಫಸ್ಟ್' ಗುರುತಿನ ಕಾರ್ಡೇ ಬೇರೆ. ಅದು ಹುಡುಗ ಮೇಜರ್ ಲೀಗಿಗೆ, ಅಂದರೆ ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗಿಗೆ, ಬರುವ ಮೊದಲೇ ಬರುವಂಥದ್ದು.

ಇನ್ನು ಕಾರ್ಡಿನ ಸ್ಥಿತಿ. ದೀಪದ ಕೆಳಗೆ ಓರೆಯಾಗಿ ಹಿಡಿಯಿರಿ, ಗೀರು ಇದ್ದರೆ ತಕ್ಷಣ ಕಾಣುತ್ತದೆ. ನಾಲ್ಕೂ ಮೂಲೆಗಳನ್ನು ಭೂತಗನ್ನಡಿಯಲ್ಲಿ ನೋಡಿ. ಎಡಬಲದ ಅಂಚುಗಳ ಅಗಲ ಸಮ ಇದೆಯಾ ಅಳೆಯಿರಿ. ಆಮೇಲೆ ಅದೇ ಸೆಟ್ಟಿನ ಇನ್ನೊಂದು ಕಾರ್ಡಿನ ಮೇಲಿಟ್ಟು ನೋಡಿ. ಚಿಕ್ಕದಾಗಿ ಕಂಡರೆ ಮೂಲೆ ಚೂಪಾಗಿಸಲು ಯಾರೋ ಅಂಚು ಕತ್ತರಿಸಿರಬಹುದು. ಅಂಥದ್ದನ್ನು ನಾನು ಮುಟ್ಟೋದೇ ಇಲ್ಲ.

ಬೆಲೆಗೆ ಇಬೇಯಲ್ಲಿ 'ಸೋಲ್ಡ್' ಪಟ್ಟಿ ಮಾತ್ರ ನೋಡಿ. ಮಾರುವವನು ಸುಮ್ನೆ ಎಷ್ಟು ಡಾಲರ್ ಬೇಕಾದರೂ ಬರೆದುಕೊಳ್ಳಬಹುದು. ಹೆಸರಿಲ್ಲದವರ ಕಾರ್ಡು ಮಾರಾಟವಾಗುವುದೇ ಅಪರೂಪ. ಹಾಗಾಗಿ ಅದೇ ಕಂತಿನ, ಅದೇ ಸ್ಥಿತಿಯ ಬೇರೆ ಸಾಮಾನ್ಯ ಆಟಗಾರರ ಕಾರ್ಡು ಎಷ್ಟಕ್ಕೆ ಹೋಯಿತು ಅಂತ ಹೋಲಿಸಿ. ಒಂದೇ ಒಂದು ಜಾಸ್ತಿ ಬೆಲೆ ಕಂಡರೆ ನಂಬಬೇಡಿ. ಹಟಕ್ಕೆ ಬಿದ್ದ ಇಬ್ಬರು ಏರಿಸಿದ್ದೂ ಇರಬಹುದು.

ಕಾರ್ಡಿನ ಸ್ಥಿತಿ ನೋಡಿ ಅಂಕ ಕೊಡುವ ಪಿಎಸ್‌ಎ ಥರದ ಕಂಪನಿಗಳಿಗೆ ಗ್ರೇಡಿಂಗಿಗೆ ಕಳಿಸುವ ಮುಂಚೆ ಲೆಕ್ಕ ಹಾಕಿ. ಎಷ್ಟೋ ಸಲ ಕಾರ್ಡಿಗಿಂತ ಅವರ ಫೀಸೇ ಜಾಸ್ತಿ. ಅಂಥ ಕಾರ್ಡನ್ನು ಮೆತ್ತನೆಯ ತೆಳು ಕವರಿಗೆ ಹಾಕಿ, ಟಾಪ್‌ಲೋಡರಿನಲ್ಲಿ (ಗಟ್ಟಿ ಪ್ಲಾಸ್ಟಿಕ್ ಹೊದಿಕೆ) ಇಟ್ಟರೆ ಸಾಕು.