ಉಪ್ಪುನೀರಿನಲ್ಲಿ ಕಂಡ ಕೆಂಪು ಗೆರೆ

ಒಂಬತ್ತನೇ ತರಗತಿಗೆ ದ್ರಾವಣ (ಪೂರ್ತಿ ಕರಗಿದ್ದು), ಕಲಿಲ (ಕರಗದೆ, ತಳಕ್ಕೂ ಇಳಿಯದೆ ತೇಲುವ ಸೂಕ್ಷ್ಮ ಕಣಗಳದ್ದು), ನಿಲಂಬನ (ಬಿಟ್ಟರೆ ತಳ ಸೇರುವ ದಪ್ಪ ಕಣಗಳದ್ದು) ಇವುಗಳ ಪಾಠ ಬಂದಾಗಲೆಲ್ಲ ನಾನು ಕರಿಹಲಗೆಯ ಮೇಲೆ ಮೂರು ಅಂಕಣ ಎಳೆದು ತುಂಬಿಸಿಬಿಡುತ್ತಿದ್ದೆ. ಮಕ್ಕಳು ಬಾಯಿಪಾಠ ಮಾಡುತ್ತಿದ್ದರು, ಅಂಕವೂ ಬರುತ್ತಿತ್ತು. ಒಂದು ವರ್ಷ ಅದಕ್ಕೆ ಬೇಸತ್ತು, ಮೂರು ಗಾಜಿನ ಲೋಟ ಮತ್ತು ಒಂದು ಲೇಸರ್ ಪಾಯಿಂಟರ್ ಹಿಡಿದು ತರಗತಿಗೆ ಹೋದೆ.

ಮೊದಲನೆಯದು ಉಪ್ಪುನೀರು. ಕರಗಿದ ಉಪ್ಪಿನ ಕಣಗಳು 1 ನ್ಯಾನೊಮೀಟರ್‌ಗಿಂತ ಚಿಕ್ಕವು. ಕಲಿಲದ ಕಣಗಳಂತೆ ಬೆಳಕನ್ನು ಚದುರಿಸುವಷ್ಟು ದೊಡ್ಡವಲ್ಲ, ಆದ್ದರಿಂದ ಬೆಳಕು ಹಾಯುವ ಗೆರೆ ಕಾಣದು ಎಂದು ಹೇಳಿ ಲೇಸರ್ ಒತ್ತಿದೆ. ಲೋಟದ ನಡುವೆ ಕೆಂಪು ಗೆರೆ ಸ್ಪಷ್ಟವಾಗಿ ಮೂಡಿತು. “ಸರ್, ಹಾಗಾದರೆ ಉಪ್ಪುನೀರೂ ಕಲಿಲವೇ?” ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಉತ್ತರ ನಾಳೆ ಹೇಳುತ್ತೇನೆಂದು ಜಾರಿಕೊಂಡೆ.

ತಪ್ಪು ಉಪ್ಪಿನದಲ್ಲ, ನನ್ನದು. ಪೊಟ್ಟಣದ ಪುಡಿ ಉಪ್ಪು ಗಂಟು ಕಟ್ಟದಿರಲೆಂದು ನೀರಿನಲ್ಲಿ ಕರಗದ ಪದಾರ್ಥ ಬೆರೆಸಿರುತ್ತಾರೆ. ನಮ್ಮ ಕೊಳವೆಬಾವಿಯ ನೀರೂ ಅಷ್ಟೇನೂ ನಿರ್ಮಲವಲ್ಲ. ಬರಿಯ ನೀರಿಗೆ ಮೊದಲು ಬೆಳಕು ಹಾಯಿಸಿ ನೋಡಬೇಕಿತ್ತು. ಮರುದಿನ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದು, ಅದನ್ನು ಹಾಗೇ ತೋರಿಸಿ, ಆಮೇಲೆ ಕಲ್ಲುಸಕ್ಕರೆ ಕರಗಿಸಿದೆ. ಈ ಸಲ ಗೆರೆ ಕಾಣಲಿಲ್ಲವೆಂದೇ ಹೇಳಬೇಕು.

ಎರಡನೆಯ ಲೋಟದ್ದು ಕಲಿಲ, ನೀರಿಗೆ ಬೆರೆಸಿದ ಹಾಲು. ಅದರಲ್ಲೂ ಎಡವಿದೆ. ಒಂದು ಚಮಚ ಸುರಿದರೆ ಬೆಳಕು ಎಲ್ಲೆಡೆ ಚದುರಿ ಲೋಟವೇ ಕೆಂಪಾಗುತ್ತದೆ, ಗೆರೆ ಇರುವುದಿಲ್ಲ. ಲೋಟಕ್ಕೆ ಎರಡು ಹನಿ ಸಾಕು. (ಲೇಸರನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ, ಕಣ್ಣಿಗೆ ಬಿದ್ದರೆ ಅಪಾಯ.)

ನನಗೇ ಪಾಠ ಕಲಿಸಿದ್ದು ಮೂರನೆಯ ಲೋಟ. ಆಟದ ಬಯಲಿನ ಕೆಮ್ಮಣ್ಣು ಕದಡಿಟ್ಟಾಗ ಮರಳು ಕೆಲವೇ ನಿಮಿಷಗಳಲ್ಲಿ ತಳ ಸೇರಿತು. ಎಲ್ಲರೂ ‘ನಿಲಂಬನ’ ಎಂದು ಬರೆದುಕೊಂಡರು. ಮರುದಿನ ಬೆಳಿಗ್ಗೆ ನೋಡಿದರೆ ಮೇಲಿನ ನೀರು ಇನ್ನೂ ಕೆಂಪಗೆ ಇತ್ತು. ಸೋಸುಕಾಗದದಲ್ಲಿ ಹಾಯಿಸಿದರೂ ಬಣ್ಣ ಹೋಗಲಿಲ್ಲ. ಲೇಸರ್ ಗೆರೆ ಢಾಳಾಗಿ ಕಾಣುತ್ತಿತ್ತು. ತಳದಲ್ಲಿ ನಿಲಂಬನ ಇಳಿದು ಕುಳಿತಿತ್ತು, ಮೇಲೆ ಕಲಿಲ ತೇಲುತ್ತಿತ್ತು. ಮಣ್ಣಿನ ಲವಣಗಳೂ ಅದರಲ್ಲೇ ಕರಗಿರಬೇಕಾದ್ದರಿಂದ ದ್ರಾವಣವೂ ಅದೇ ಲೋಟದಲ್ಲಿತ್ತು! ನನ್ನ ಮೂರು ಅಂಕಣಗಳು ಒಂದರೊಳಗೊಂದು ಸೇರಿಹೋಗಿದ್ದವು.

“ನಮ್ಮಜ್ಜಿ ಇದಕ್ಕೆ ಪಟಿಕ ತಿರುಗಿಸುತ್ತಾರೆ ಸರ್” ಎಂದ ಒಬ್ಬ ಹುಡುಗ, ಸವೆದು ನುಣ್ಣಗಾದ ತುಂಡೊಂದನ್ನು ಮನೆಯಿಂದ ತಂದ. ನೀರಿನಲ್ಲಿ ತೇಲುವ ಜೇಡಿಮಣ್ಣಿನ ಸೂಕ್ಷ್ಮ ಕಣಗಳ ಮೇಲೆ ಋಣ ವಿದ್ಯುದಾವೇಶವಿರುತ್ತದೆ. ಒಂದನ್ನೊಂದು ದೂಡುತ್ತಲೇ ಇರುವುದರಿಂದ ಅವು ಒಟ್ಟುಗೂಡಿ ಇಳಿಯುವುದಿಲ್ಲ. ಪಟಿಕದ ಅಲ್ಯೂಮಿನಿಯಂ ಆ ಆವೇಶವನ್ನು ತಣಿಸುತ್ತದೆ. ಅವನು ನಾಲ್ಕು ಸುತ್ತು ತಿರುಗಿಸಿದ. ಊಟದ ಬಿಡುವು ಮುಗಿಸಿ ಬರುವಷ್ಟರಲ್ಲಿ ಹತ್ತಿಯ ಎಳೆಗಳಂಥ ಗುಂಪುಗಳು ಕೆಳಗಿಳಿಯುತ್ತಿದ್ದವು. ಸಂಜೆ ತಿಳಿಯಾದ ನೀರಿಗೆ ಲೇಸರ್ ಹಾಯಿಸಿದೆವು. ಗೆರೆ ಬಹಳ ಮಸುಕಾಗಿತ್ತು, ಪೂರ್ತಿ ಮಾಯವಾಗಿರಲಿಲ್ಲ.