ಕಾಯಿ ವಂತಿಗೆಯಿಂದ ಟ್ರಸ್ಟ್ ನಡೆಸಿದ ನನ್ನ ಅನುಭವ

ತಿಪಟೂರು ಸೀಮೆಯ ಏಳೆಂಟು ಹಳ್ಳಿಗಳಲ್ಲಿ ನಮ್ಮ ಚಿಕ್ಕ ಟ್ರಸ್ಟ್ ಸಂಜೆ ಪಾಠದ ಕೇಂದ್ರ ನಡೆಸುತ್ತದೆ. ಎಂಟು ಜನ ಟೀಚರ್, ಎಲ್ಲರೂ ಅದೇ ಹಳ್ಳಿಗಳ ಹೆಣ್ಣುಮಕ್ಕಳು. ಮೂರು ವರ್ಷದಿಂದ ಯಾರ ಸಂಬಳವೂ ತಡವಾಗಿಲ್ಲ. ಆ ಸಂಬಳದ ಹೆಚ್ಚುಕಮ್ಮಿ ಅರ್ಧ ಬರುವುದು ತೆಂಗಿನಕಾಯಿಯಿಂದ. ಈ ಐಡಿಯಾ ಹೇಳಿದಾಗ ನಮ್ಮ ಟ್ರಸ್ಟಿಗಳೇ ಒಪ್ಪಿರಲಿಲ್ಲ. ಬೇರೆ ಸಂಸ್ಥೆಯವರಂತೂ "ಕಾಯಿ ಮಾರಿ ಸಂಬಳ ಕೊಡ್ತೀರಾ?" ಅಂತ ಮುಖದ ಮೇಲೇ ಕೇಳಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾವೂ ಎಲ್ಲರ ಹಾಗೆ ಸಿಎಸ್‌ಆರ್, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ದುಡ್ಡಿನ ಹಿಂದೆ ಬಿದ್ದಿದ್ದೆವು. ಒಂದು ಕಂಪನಿ ಮೂರು ವರ್ಷಕ್ಕೆ ಅಂತ ಮಾತಾಡಿ ಎರಡನೇ ವರ್ಷಕ್ಕೆ ಕೈ ಬಿಟ್ಟಿತು. ನಾಲ್ಕೈದು ತಿಂಗಳು ಸಂಬಳ ಬಾಕಿ ನಿಂತಿತು. ಒಳ್ಳೆ ಟೀಚರ್ ಇಬ್ಬರು ಗಾರ್ಮೆಂಟ್ಸ್‌ಗೆ ಹೊರಟುಹೋದರು. ಇನ್ನೊಂದು ಕಂಪನಿಯವರು ಟ್ಯಾಬ್ಲೆಟ್ ಕೊಡ್ತೀವಿ, ಸಂಬಳ ಮಾತ್ರ ಕೇಳಬೇಡಿ, ಆಡಳಿತ ಖರ್ಚಿಗೆ 5 ಪರ್ಸೆಂಟ್ ಮಿತಿ ಇದೆ ಅಂದರು. ಆ ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ಕೆಲಸ ನೋಡಿಕೊಳ್ಳಲು ಮಾಡುವ ಖರ್ಚಿಗೆ. ಪಾಠ ಮಾಡುವವರ ಸಂಬಳ ಯೋಜನೆಯದೇ ಖರ್ಚು. 2021ರ ತಿದ್ದುಪಡಿ ನಿಯಮದಲ್ಲಿ ಇದು ಸ್ಪಷ್ಟವಾಗಿದೆ. ಪ್ರಿಂಟ್ ತೆಗೆದುಕೊಂಡು ಹೋಗಿ ತೋರಿಸಿದೆ. ಆದರೂ ಕೆಲಸ ಆಗಲಿಲ್ಲ. ನೀವು ಹೋಗುವಾಗಲೂ ಆ ಪ್ರಿಂಟ್ ಜೊತೆಯಲ್ಲಿರಲಿ, ನಿಮ್ಮ ಅದೃಷ್ಟ ಬೇರೆ ಇರಬಹುದು.

ಆಮೇಲೆ ಬೆಂಗಳೂರಲ್ಲಿ ಕೆಲಸಕ್ಕಿರುವ ಊರ ಹುಡುಗರನ್ನು ಹಿಡಿದೆವು. ತಿಂಗಳಿಗೆ ಇನ್ನೂರು, ಮುನ್ನೂರು. ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಸಿಗುವ 80ಜಿ ರಸೀದಿ ಕೊಡ್ತೀವಿ ಅಂದರೆ ಜನ ಬರುತ್ತಾರೆ ಅಂತ ಲೆಕ್ಕ ಹಾಕಿದ್ದೆವು. ಆದರೆ ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ 80ಜಿ ವಿನಾಯಿತಿಯೇ ಸಿಗುವುದಿಲ್ಲ. ಇವರಲ್ಲಿ ಮುಕ್ಕಾಲು ಪಾಲು ಅದಕ್ಕೇ ಹೋಗಿದ್ದರು. ಊರ ಮೇಲಿನ ಪ್ರೀತಿಗೆ ಕೊಡುವವರು ಉಳಿದರು, ರಸೀದಿಗಾಗಿ ಬಂದವರು ಬಿಟ್ಟರು. ಉಳಿದವರಿಂದ ತಿಂಗಳಿಗೆ ಇಪ್ಪತ್ತು ಸಾವಿರದ ಆಸುಪಾಸು ಬರುತ್ತದೆ. ಅದು ದೊಡ್ಡ ಆಸರೆ, ಆದರೆ ಸಂಬಳಕ್ಕೇ ತಿಂಗಳಿಗೆ ನಲವತ್ತೈದು ಸಾವಿರ ಬೇಕು.

ನಡುವೆ ಒಂದು ಪೌರಾಣಿಕ ನಾಟಕವನ್ನೂ ಇಟ್ಟೆವು. ನಮ್ಮ ಕಡೆ ನಾಟಕ ಅಂದರೆ ಪಾರ್ಟು ಮಾಡುವವರೇ ದುಡ್ಡು ಹಾಕುತ್ತಾರೆ, ನೋಡುವವರು ಬಿಟ್ಟಿ ಬಂದು ಕೂರುತ್ತಾರೆ. ಟಿಕೆಟ್ ಅಂದರೆ ಯಾರಿಗೂ ರೂಢಿ ಇಲ್ಲ. ಸೀನರಿ, ಹಾರ್ಮೋನಿಯಂ ಮೇಷ್ಟ್ರು, ಶಾಮಿಯಾನ ಎಲ್ಲ ಸೇರಿ ಕೈಯಿಂದ ಹದಿನೈದು ಸಾವಿರ ಹೋಯಿತು. ನಾಟಕ ಮಾತ್ರ ಬಹಳ ಚೆನ್ನಾಗಿತ್ತು. ಹೋಟೆಲ್‌ಗಳಲ್ಲಿ ಡಬ್ಬಿಯನ್ನೂ ಇಟ್ಟು ನೋಡಿದೆವು. ಫೋನ್‌ಪೇ ಬಂದ ಮೇಲೆ ಚಿಲ್ಲರೆ ಯಾರ ಜೇಬಲ್ಲೂ ಇಲ್ಲ, ಅಲ್ವಾ.

ಕಾಯಿ ವಿಷಯ ಹೊಳೆದದ್ದು ಒಬ್ಬ ಅಜ್ಜಿಯಿಂದ. ನೂರು ರೂಪಾಯಿ ವಂತಿಗೆ ಕೇಳಿದ್ದಕ್ಕೆ, "ದುಡ್ಡು ಎಲ್ಲೈತಪ್ಪ ನನ್ತಾವ, ಬೇಕಾದ್ರೆ ಹತ್ತು ಕಾಯಿ ತಗಂಡೋಗು" ಅಂದರು. ಹತ್ತು ಕಾಯಿ ಅಂದರೆ ನೂರು ರೂಪಾಯಿಗಿಂತ ಜಾಸ್ತಿ! ರೈತರ ಮನೆಯಲ್ಲಿ ತಿಂಗಳ ಲೆಕ್ಕದ ದುಡ್ಡು ಇರುವುದಿಲ್ಲ, ಅಂಗಳದಲ್ಲಿ ಕಾಯಿ ಇರುತ್ತದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಾದ್ದರಿಂದ ಅವರು 80ಜಿ ಕೇಳುವುದೂ ಇಲ್ಲ. ವಸ್ತು ರೂಪದ ದಾನಕ್ಕೆ ಅದು ಬರುವುದೂ ಇಲ್ಲ. ಆಡಿಟರ್ ಹೇಳಿದ್ದು ಒಂದೇ: ಕಾಯಿ ಲೆಕ್ಕಕ್ಕೆ ಬೇರೆ ಪುಸ್ತಕ ಇಡಿ.

2021ರಲ್ಲಿ ಶುರು ಮಾಡಿದೆವು. ಕಾಯಿ ಕೀಳಿಸಿದಾಗಲೆಲ್ಲ ಮನೆಗೆ ಒಂದಿಷ್ಟು. ವರ್ಷಕ್ಕೆ ಒಂದು ಮನೆಯಿಂದ ಸರಾಸರಿ ಐವತ್ತು ಬರುತ್ತದೆ. ಈಗ ಮುನ್ನೂರೈವತ್ತರಷ್ಟು ಮನೆಗಳಿವೆ. ಹಸಿ ಕಾಯಿಯನ್ನೇ ಮಾರಿದ್ದರೆ ಕೆಲಸ ಸುಲಭವಿತ್ತು. ನಾವು ಅಟ್ಟಕ್ಕೆ ಹಾಕಿ, ಒಳಗಿನ ನೀರು ಆರುವವರೆಗೆ ಬಿಟ್ಟು ಉಂಡೆ ಕೊಬ್ಬರಿ ಮಾಡಿದೆವು. ಹತ್ತು ಹನ್ನೊಂದು ತಿಂಗಳು ಕಾಯಬೇಕು. ಆ ಕಾಯುವುದೇ ನಮಗೆ ಲಾಭವಾಯಿತು. ಈ ವರ್ಷ ಕೊಟ್ಟ ಕಾಯಿ ಮುಂದಿನ ವರ್ಷದ ಸಂಬಳ. ಕೈಯಲ್ಲಿ ನಗದು ಇಲ್ಲದ್ದರಿಂದ ಅದನ್ನು ಯಾರೂ ಬೇರೆ ಕೆಲಸಕ್ಕೆ ಎಳೆಯಲು ಆಗುವುದಿಲ್ಲ.

ಮೊದಲ ಅಟ್ಟದಲ್ಲಿ ಕಾಲು ಭಾಗ ಕೊಳೆಯಿತು. ಬಾಡಿಗೆ ಹಿಡಿದ ಹಳೇ ಮನೆಯ ಹೆಂಚಿನಲ್ಲಿ ಸಂದು ಇತ್ತು, ಮಳೆ ನೀರು ಇಳಿಯಿತು. ವಾಸನೆಗೆ ಅಕ್ಕಪಕ್ಕದವರು ಜಗಳಕ್ಕೇ ಬಂದರು. ಈಗ ಬೇರೆ ಬೇರೆ ಹಳ್ಳಿಯ ನಾಲ್ಕು ಮನೆಗಳ ಅಟ್ಟದಲ್ಲಿ ಹಂಚಿ ಹಾಕುತ್ತೇವೆ. ಬಾಡಿಗೆ ಇಲ್ಲ, ಅದರ ಬದಲು ಚಿಪ್ಪು ಅವರಿಗೆ. ಚಿಪ್ಪಿಗೆ ಈಗ ಒಳ್ಳೆ ರೇಟಿದೆ, ಹಾಗಾಗಿ ಅಟ್ಟ ಕೊಡಲು ಪೈಪೋಟಿ ಇದೆ. ಕೊಳೆಯುವುದು ನೂರಕ್ಕೆ ಹತ್ತರ ಒಳಗೆ ಬಂದಿದೆ. ಇಳಿಸುವ ದಿನ ಟೀಚರುಗಳೂ ಬರುತ್ತಾರೆ. ಒಂದೊಂದೇ ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಗಿಟುಕು (ಒಣಗಿದ ಕೊಬ್ಬರಿ) ಒಳಗೆ ಲೊಡಲೊಡ ಅಂದರೆ ಸುಲಿಯಲು, ನೀರಿನ ಸದ್ದು ಬಂದರೆ ವಾಪಸ್ ಅಟ್ಟಕ್ಕೆ. ಅವರ ಸಂಬಳವನ್ನು ಅವರೇ ಕೈಯಲ್ಲಿ ತೂಗಿ ನೋಡುವ ದಿನ ಅದು. ನನಗೆ ವರ್ಷದಲ್ಲಿ ಅತಿ ಇಷ್ಟದ ದಿನವೂ ಅದೇ.

ಒಂದು ಕ್ವಿಂಟಲ್ ಕೊಬ್ಬರಿಗೆ ಏಳೆಂಟು ನೂರು ಕಾಯಿ ಬೇಕು. ನಮಗೆ ವರ್ಷಕ್ಕೆ ಇಪ್ಪತ್ತು ಕ್ವಿಂಟಲ್‌ನಷ್ಟು ಆಗುತ್ತದೆ. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ರೇಟು ಒಂಬತ್ತು ಸಾವಿರದ ಕೆಳಗೆ ಬಿತ್ತು. "ನಾವು ಆಗಲೇ ಹೇಳಿರಲಿಲ್ವಾ" ಅನ್ನುವವರು ಸಾಲಾಗಿ ಬಂದರು. ಆ ವರ್ಷ ಅರ್ಧ ಮಾತ್ರ ಮಾರಿ ಉಳಿದದ್ದನ್ನು ಹಿಡಿದಿಟ್ಟೆವು. ಸಂಬಳಕ್ಕೆ ಟ್ರಸ್ಟಿಗಳು ಕೈಗಡ ಕೊಟ್ಟರು. 2025ರಲ್ಲಿ ಅದೇ ಕೊಬ್ಬರಿ ಇಪ್ಪತ್ತೈದು ಸಾವಿರ ದಾಟಿತು. ಹೇಳಿದವರು ಆಮೇಲೆ ಫೋನ್ ಮಾಡಿ ವಿವರ ಕೇಳಿದರು! ಕೈಗಡ ತೀರಿಸಿ, ಆರು ತಿಂಗಳ ಸಂಬಳವನ್ನು ಠೇವಣಿ ಇಟ್ಟಿದ್ದೇವೆ. ಟ್ರಸ್ಟಿನ ಆದಾಯದ 85 ಪರ್ಸೆಂಟ್ ಅದೇ ವರ್ಷ ಖರ್ಚಾಗಬೇಕೆಂಬ ತೆರಿಗೆ ನಿಯಮ ಇದೆಯಲ್ಲ, ಹಾಗಾಗಿ ಠೇವಣಿ ಇಡುವ ಮುಂಚೆ, ದುಡ್ಡು ಮುಂದಕ್ಕೆ ಉಳಿಸಿಡಲು ಕೊಡಬೇಕಾದ ಫಾರಂ ಬಗ್ಗೆ ಆಡಿಟರ್ ಹತ್ತಿರ ಕೇಳಿ. ಮಾರ್ಚ್ ಕೊನೆಗೆ ಹೋದರೆ ತಡವಾಗುತ್ತದೆ.

ಲೆಕ್ಕ ಮಾತ್ರ ಬೀದಿಗೆ ಕಾಣಬೇಕು. ಪ್ರತಿ ಕೇಂದ್ರದ ಗೋಡೆಯ ಮೇಲೆ ಯಾರ ಮನೆ, ಎಷ್ಟು ಕಾಯಿ, ಎಷ್ಟು ಕೊಳೆತವು, ಎಷ್ಟಕ್ಕೆ ಮಾರಿದೆವು, ಯಾವ ಟೀಚರಿಗೆ ಎಷ್ಟು ಕೊಟ್ಟೆವು ಎಲ್ಲ ಬರೆಯುತ್ತೇವೆ. ಮೊದಲು ಸಂಬಳ ಬರೆಯಲು ಟೀಚರುಗಳು ಬೇಡ ಅಂದಿದ್ದರು. ಬರೆದ ಮೇಲೆ "ಇಷ್ಟು ಕಮ್ಮೀನಾ?" ಅಂತ ಊರವರೇ ಕೇಳಿ ಕಾಯಿ ಜಾಸ್ತಿ ಕೊಟ್ಟರು. ಒಂದು ಹಳ್ಳಿಗೆ ಹೋದಾಗ ಮೊದಲು ಯಾವ ಮನೆ ಬಾಗಿಲು ತಟ್ಟುತ್ತೇವೆ, ಕೊಬ್ಬರಿ ಯಾವಾಗ ಮಾರುಕಟ್ಟೆಗೆ ಬಿಡುತ್ತೇವೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಅಟ್ಟ ನೋಡಲು ಬಂದವರಿಗೆ ಹೇಳುತ್ತೇನೆ.

ಕಪ್ಪುತಲೆ ಹುಳು, ಬಿಳಿನೊಣದ ಕಾಟಕ್ಕೆ ಇಳುವರಿ ಇಳಿದಿದೆ. ಐವತ್ತು ಕೊಡುತ್ತಿದ್ದ ಕೆಲವು ಮನೆಗಳು ಮೂವತ್ತಕ್ಕೆ ಬಂದಿವೆ. ಅದಕ್ಕೆ ಈ ವರ್ಷ ಮನೆಗಳ ಸಂಖ್ಯೆ ಹೆಚ್ಚಿಸುತ್ತಿದ್ದೇವೆ. ಹುಳಿಯಾರು ಕಡೆಯಿಂದ ಎರಡು ಹಳ್ಳಿಯವರು ನಮ್ಮಲ್ಲೂ ಕೇಂದ್ರ ಮಾಡಿ ಅಂತ ಕೇಳಿದ್ದಾರೆ. ಅಲ್ಲಿ ಮೊದಲು ಅಟ್ಟ ನೋಡುತ್ತೇವೆ, ಕಾಯಿ ಹಾಕುತ್ತೇವೆ. ಮೊದಲ ಕೊಬ್ಬರಿ ಮಾರಿದ ಮೇಲೆಯೇ ಟೀಚರ್.